ಸರ್ಟ್7 ಮತ್ತು ಜೀವಕೋಶದ ಮುಪ್ಪು: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಟ್7 ಎಂದರೆ ಏನು?

ಸರ್ಟ್7 ನಮ್ಮ ಜೀವಕೋಶಗಳಲ್ಲಿರುವ ಒಂದು ಕಿಣ್ವ. ಸರ್ಟುಯಿನ್ ಎಂಬ ಪ್ರೋಟೀನ್ ಕುಟುಂಬದಲ್ಲಿ ಮನುಷ್ಯ, ಇಲಿ ಮೊದಲಾದ ಸಸ್ತನಿಗಳಿಗೆ ಒಟ್ಟು ಏಳು ಸದಸ್ಯರಿದ್ದು, ಸರ್ಟ್1ರಿಂದ ಸರ್ಟ್7ರವರೆಗೆ ಅವುಗಳಿಗೆ ಸಂಖ್ಯೆ ಕೊಡಲಾಗಿದೆ. ಏಳನೆಯದು 400 ಅಮೈನೋ ಆಮ್ಲಗಳ ಸರಪಳಿ. ಅದರ ವಂಶವಾಹಿ ಮನುಷ್ಯರಲ್ಲಿ 17ನೇ ವರ್ಣತಂತುವಿನ ಉದ್ದ ತೋಳಿನ ತುದಿಯ ಬಳಿ ಇದೆ.

ಈ ಕುಟುಂಬದ ಕಿಣ್ವಗಳು ಮುಖ್ಯವಾಗಿ ಮಾಡುವ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು: ಪ್ರೋಟೀನುಗಳಲ್ಲಿರುವ ಲೈಸಿನ್ ಎಂಬ ಅಮೈನೋ ಆಮ್ಲಕ್ಕೆ ಅಂಟಿಕೊಂಡ ಅಸಿಟೈಲ್ ಅಥವಾ ಅಂಥದೇ ಸಣ್ಣ ರಾಸಾಯನಿಕ ಗುಂಪನ್ನು ಕಿತ್ತುಹಾಕುವುದು. ಗುಂಪು ಅಂಟಿದಾಗ ಪ್ರೋಟೀನಿನ ನಡವಳಿಕೆ ಒಂದು ಬಗೆಯದಾದರೆ ಕಿತ್ತಾಗ ಇನ್ನೊಂದು ಬಗೆಯದು. ಹೀಗೆ ಒಂದು ಗುಂಪನ್ನು ತೆಗೆಯಲು ಎನ್‌ಎಡಿ ಎಂಬ ಅಣುವೊಂದು ಖರ್ಚಾಗುತ್ತದೆ. ಆಹಾರದಿಂದ ಶಕ್ತಿ ಪಡೆಯುವ ಕ್ರಿಯೆಯಲ್ಲೂ ಎನ್‌ಎಡಿಯೇ ಬೇಕಾಗುವುದರಿಂದ, ಕೋಶದ ಶಕ್ತಿಯ ಸ್ಥಿತಿಗೂ ಸರ್ಟುಯಿನ್‌ಗಳ ಕೆಲಸಕ್ಕೂ ನೇರ ನಂಟಿದೆ.

ಸರ್ಟುಯಿನ್‌ಗಳಿಗೂ ಮುಪ್ಪಿಗೂ ಸಂಬಂಧ ಬಂದದ್ದು ಹೇಗೆ?

ಕಥೆ ಆರಂಭವಾಗುವುದು ಯೀಸ್ಟ್‌ನಲ್ಲಿ, ಅಂದರೆ ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಅದೇ ಏಕಕೋಶ ಜೀವಿಯಲ್ಲಿ. ಅಲ್ಲಿ ಸರ್2 ಎಂಬ ಪ್ರೋಟೀನ್ ಇದೆ. 'ಸೈಲೆಂಟ್ ಇನ್‌ಫರ್ಮೇಶನ್ ರೆಗ್ಯುಲೇಟರ್' ಎಂಬ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದ 'ಸರ್' ಬಂತು, ಅದರಿಂದ ಮುಂದೆ ಇಡೀ ಕುಟುಂಬಕ್ಕೆ ಸರ್ಟುಯಿನ್ ಎಂಬ ಹೆಸರಾಯಿತು. ಡಿಎನ್‌ಎಯ ಕೆಲವು ಭಾಗಗಳನ್ನು ಮೌನವಾಗಿಡುವುದೇ, ಅಂದರೆ ಅವು ಕೆಲಸ ಮಾಡದಂತೆ ತಡೆಯುವುದೇ ಸರ್2ರ ಕೆಲಸ.

ಹಾಗೆ ಮೌನವಾಗಿಡಬೇಕಾದ ಭಾಗಗಳಲ್ಲಿ ಒಂದು, ಪ್ರೋಟೀನುಗಳನ್ನು ಜೋಡಿಸುವ ಯಂತ್ರವಾದ ರೈಬೋಸೋಮಿನ ಆರ್‌ಎನ್‌ಎಯನ್ನು ತಯಾರಿಸುವ ವಂಶವಾಹಿಗಳ ಸಾಲು. ಇದನ್ನು ಇಲ್ಲಿ ಆರ್‌ಡಿಎನ್‌ಎ ಎಂದು ಕರೆಯೋಣ. ಒಂದೇ ಪಾಠ ನೂರಾರು ಸಲ ಒಂದರ ಪಕ್ಕ ಒಂದು ಬರೆದಿರುವುದರಿಂದ, ನಕಲು ಮಾಡುವಾಗ ಈ ಜಾಗದಲ್ಲಿ ಡಿಎನ್‌ಎ ತುಂಡಾಗಿ ತನಗೆ ತಾನೇ ಕೂಡಿಕೊಳ್ಳುವ ಅಪಾಯ ಹೆಚ್ಚು. ಅಮೆರಿಕದ ಎಂಐಟಿಯಲ್ಲಿ ಲಿಯೊನಾರ್ಡ್ ಗ್ವಾರೆಂಟಿ ಮತ್ತು ಡೇವಿಡ್ ಸಿಂಕ್ಲೇರ್ 1997ರಲ್ಲಿ ತೋರಿಸಿದ್ದು ಇದನ್ನೇ: ಆರ್‌ಡಿಎನ್‌ಎಯಿಂದ ಕಳಚಿ ಬಂದ ಸಣ್ಣ ಉಂಗುರಗಳು ತಾಯಿ ಕೋಶದಲ್ಲಿ ಶೇಖರವಾಗುತ್ತಾ ಹೋಗಿ ಅದನ್ನು ಮುದಿಯಾಗಿಸುತ್ತವೆ. ಎರಡು ವರ್ಷಗಳ ನಂತರ ಅದೇ ಪ್ರಯೋಗಾಲಯ, ಸರ್2ರ ಹೆಚ್ಚುವರಿ ಪ್ರತಿಯೊಂದನ್ನು ಕೊಟ್ಟಾಗ ಯೀಸ್ಟ್‌ನ ಆಯುಷ್ಯ ಸುಮಾರು ಶೇ. 30ರಷ್ಟು ಹೆಚ್ಚುತ್ತದೆ ಎಂದು ವರದಿ ಮಾಡಿತು. ಸರ್2ಕ್ಕೆ ಎನ್‌ಎಡಿ ಬೇಕೇ ಬೇಕು ಎಂಬುದು 2000ದಲ್ಲಿ ಸ್ಪಷ್ಟವಾಯಿತು.

ಸಸ್ತನಿಗಳ ಏಳು ಸರ್ಟುಯಿನ್‌ಗಳ ಮೇಲೆ ಅಷ್ಟೊಂದು ನಿರೀಕ್ಷೆ ಹುಟ್ಟಿದ್ದಕ್ಕೆ ಈ ಯೀಸ್ಟ್ ಕಥೆಯೇ ಕಾರಣ. ಆದರೆ ಯೀಸ್ಟ್‌ನಲ್ಲಿ ಮುಪ್ಪು ಶುರುವಾದ ಜಾಗ ಆರ್‌ಡಿಎನ್‌ಎ ಎಂಬುದನ್ನು ಬಹುಪಾಲು ಲೇಖನಗಳು ಹೇಳಿ ಮರೆತುಬಿಡುತ್ತವೆ. ನಮ್ಮ ಕೋಶಗಳಲ್ಲಿ ಆ ಜಾಗದಲ್ಲೇ ಬೀಡುಬಿಟ್ಟಿರುವ ಸರ್ಟುಯಿನ್ ಸರ್ಟ್7. ಈ ಪುಟದಲ್ಲಿ ಅದನ್ನೇ ಆರಿಸಿಕೊಂಡದ್ದಕ್ಕೆ ಕಾರಣವೂ ಅದೇ.

ಏಳರಲ್ಲಿ ಸರ್ಟ್7ರ ಹೆಸರು ಅಷ್ಟಾಗಿ ಕೇಳಿಬರುವುದಿಲ್ಲವೇಕೆ?

ಮೊದಲನೆಯದಾಗಿ, ಸರ್2ಕ್ಕೆ ಅತಿ ಹತ್ತಿರದ ಬಂಧು ಸರ್ಟ್1 ಆಗಿದ್ದರಿಂದ ಹಣ, ಗಮನ, ಔಷಧ ಕಂಪನಿಗಳ ಆಸಕ್ತಿ ಎಲ್ಲವೂ ಅತ್ತಲೇ ಹರಿದವು. ಕೋಶದ ಶಕ್ತಿಯ ಘಟಕವಾದ ಮೈಟೊಕಾಂಡ್ರಿಯದಲ್ಲಿರುವ ಸರ್ಟ್3, ಕೋಶಕೇಂದ್ರದಲ್ಲಿರುವ ಸರ್ಟ್6 ಕೂಡ ಕ್ರಮೇಣ ಹೆಸರು ಮಾಡಿದವು.

ಎರಡನೆಯ ಕಾರಣ ಪ್ರಯೋಗಾಲಯಕ್ಕೆ ಸಂಬಂಧಿಸಿದ್ದು. ಸರ್ಟ್7ನ್ನು ಬೇರ್ಪಡಿಸಿ ಗಾಜಿನ ನಳಿಕೆಯಲ್ಲಿ ಪರೀಕ್ಷಿಸಿದರೆ ಅದು ಏನೂ ಮಾಡದೆ ಸುಮ್ಮನಿರುವಂತೆ ಕಾಣುತ್ತಿತ್ತು. ಬಹಳ ಕಾಲ ಅದು ಕಿಣ್ವವೇ ಹೌದೇ ಎಂಬ ಸಂಶಯವಿತ್ತು. 2012ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ಯಾಟ್ರಿನ್ ಚುವಾ ಅವರ ತಂಡವು, ಡಿಎನ್‌ಎ ಸುತ್ತಿಕೊಂಡಿರುವ ಪ್ರೋಟೀನುಗಳಲ್ಲಿ ಒಂದಾದ ಹಿಸ್ಟೋನ್ ಎಚ್3ರ 18ನೇ ಲೈಸಿನ್ ಮೇಲಿನ ಅಸಿಟೈಲ್ ಗುಂಪನ್ನು ಸರ್ಟ್7 ನಿರ್ದಿಷ್ಟವಾಗಿ ಕೀಳುತ್ತದೆ ಎಂದು ತೋರಿಸಿದ ಮೇಲೆ ಚಿತ್ರ ಬದಲಾಯಿತು. ಅನಂತರ ಹೆನಿಂಗ್ ಲಿನ್ ಅವರ ತಂಡದ ಕೆಲಸದಿಂದ ಹಳೆಯ ಗೊಂದಲಕ್ಕೂ ಉತ್ತರ ದೊರೆಯಿತು: ಡಿಎನ್‌ಎ ಅಥವಾ ಆರ್‌ಎನ್‌ಎ ಜೊತೆಗಿದ್ದಾಗ ಮಾತ್ರ ಸರ್ಟ್7 ಚುರುಕಾಗುತ್ತದೆ. ತನ್ನ ಮನೆಯಲ್ಲಿ ಮಾತ್ರ ಬಾಯಿ ಬಿಡುವ ಮಕ್ಕಳಂತೆ ಇದರ ಸ್ವಭಾವ. ಹೊರಗೆ ಕರೆತಂದು ಪರೀಕ್ಷೆ ಮಾಡಿದವರಿಗೆ ಮೌನವೇ ಉತ್ತರವಾಗಿತ್ತು.

ಅದರ 'ಮನೆ' ಯಾವುದು? ಅಲ್ಲಿ ಏನು ನಡೆಯುತ್ತದೆ?

ಕೋಶಕೇಂದ್ರದ ಒಳಗೆ, ಸೂಕ್ಷ್ಮದರ್ಶಕದಲ್ಲಿ ಗಾಢವಾದ ಚುಕ್ಕೆಯಂತೆ ಕಾಣುವ ನ್ಯೂಕ್ಲಿಯೋಲಸ್ ಎಂಬ ಭಾಗವಿದೆ. ಅದಕ್ಕೆ ಸುತ್ತಲೂ ಪೊರೆಯಿಲ್ಲ. ರೈಬೋಸೋಮುಗಳ ತಯಾರಿಕೆ ಆರಂಭವಾಗುವುದು ಇಲ್ಲಿಯೇ, ಮತ್ತು ರೈಬೋಸೋಮು ಎಂದರೆ ಜೀವಕೋಶಕ್ಕೆ ಬೇಕಾದ ಪ್ರತಿಯೊಂದು ಪ್ರೋಟೀನನ್ನೂ ಜೋಡಿಸುವ ಯಂತ್ರ. ಮನುಷ್ಯನ ಕೋಶದಲ್ಲಿ ಇದಕ್ಕೆ ಬೇಕಾದ ಆರ್‌ಡಿಎನ್‌ಎಯ ನೂರಾರು ಪ್ರತಿಗಳು 13, 14, 15, 21 ಮತ್ತು 22ನೇ ವರ್ಣತಂತುಗಳ ಗಿಡ್ಡ ತೋಳುಗಳ ಮೇಲೆ ಹಂಚಿಹೋಗಿವೆ. ಕೋಶದಲ್ಲಿರುವ ಒಟ್ಟು ಆರ್‌ಎನ್‌ಎಯಲ್ಲಿ ಸುಮಾರು ಶೇ. 80 ಭಾಗ ರೈಬೋಸೋಮಿನದೇ ಎಂದರೆ ಈ ಕಾರ್ಖಾನೆಯ ಗಾತ್ರ ಅರ್ಥವಾದೀತು.

ಆರ್‌ಡಿಎನ್‌ಎಯನ್ನು ಓದಿ ಆರ್‌ಎನ್‌ಎ ಬರೆಯುವ ಯಂತ್ರಕ್ಕೆ ಆರ್‌ಎನ್‌ಎ ಪಾಲಿಮರೇಸ್ 1 ಎಂದು ಹೆಸರು. ಗ್ವಾರೆಂಟಿ ಅವರ ಪ್ರಯೋಗಾಲಯವೇ 2006ರಲ್ಲಿ, ಸರ್ಟ್7 ಈ ಯಂತ್ರಕ್ಕೆ ಅಂಟಿಕೊಂಡು ಅದನ್ನು ಹುರಿದುಂಬಿಸುತ್ತದೆ, ಸರ್ಟ್7ನ್ನು ಕಡಿಮೆ ಮಾಡಿದರೆ ಕೋಶಗಳು ವಿಭಜನೆ ನಿಲ್ಲಿಸಿ ಸಾಯಲಾರಂಭಿಸುತ್ತವೆ ಎಂದು ವರದಿ ಮಾಡಿತು. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಇಂಗ್ರಿಡ್ ಗ್ರುಮ್ಟ್ ಅವರ ತಂಡ 2013ರಲ್ಲಿ ಇದರ ಒಳಗುಟ್ಟನ್ನು ಬಿಡಿಸಿತು. ಪಾಲಿಮರೇಸಿನ ಭಾಗವಾದ ಪಿಎಎಫ್53 ಎಂಬ ಪ್ರೋಟೀನಿನಿಂದ ಸರ್ಟ್7 ಅಸಿಟೈಲ್ ಗುಂಪನ್ನು ತೆಗೆದಾಗ ಯಂತ್ರವು ಆರ್‌ಡಿಎನ್‌ಎಯನ್ನು ಬಿಗಿಯಾಗಿ ಹಿಡಿಯುತ್ತದೆ. ಗ್ಲೂಕೋಸಿನ ಕೊರತೆಯಂಥ ಸಂಕಟ ಬಂದಾಗ ಸರ್ಟ್7 ನ್ಯೂಕ್ಲಿಯೋಲಸ್ ಬಿಟ್ಟು ಹೊರಗೆ ಸರಿಯುತ್ತದೆ, ರೈಬೋಸೋಮಿನ ತಯಾರಿಕೆ ತಾನಾಗಿ ಇಳಿಯುತ್ತದೆ. ಮನೆಯಲ್ಲಿ ಅಕ್ಕಿ ಕಡಿಮೆಯಾದ ದಿನ ದೊಡ್ಡ ಪಾತ್ರೆಯನ್ನು ಅಟ್ಟಕ್ಕೆ ಹಾಕುವ ಹಾಗೆ.

ಜೀವಕೋಶಕ್ಕೆ ಮುಪ್ಪು ಬರುವುದು ಎಂದರೆ ಏನರ್ಥ?

ಎರಡು ಸಂಗತಿಗಳನ್ನು ಬೇರೆಯಾಗಿ ನೋಡಬೇಕು. ಮನುಷ್ಯನ ವಯಸ್ಸು ಹೆಚ್ಚುವುದು ಒಂದು. ಜೀವಕೋಶವೊಂದು ಶಾಶ್ವತವಾಗಿ ವಿಭಜನೆ ನಿಲ್ಲಿಸುವುದು ಇನ್ನೊಂದು. ಎರಡನೆಯದನ್ನು ವಿಜ್ಞಾನಿಗಳು ಸೆನೆಸೆನ್ಸ್ ಎನ್ನುತ್ತಾರೆ. ಇಲ್ಲಿ ಅದನ್ನು ಕೋಶಮುಪ್ಪು ಎನ್ನೋಣ. ಲಿಯೊನಾರ್ಡ್ ಹೇಫ್ಲಿಕ್ ಮತ್ತು ಪಾಲ್ ಮೂರ್‌ಹೆಡ್ 1961ರಲ್ಲಿ, ಮನುಷ್ಯನ ಸಾಮಾನ್ಯ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿದರೆ ಅವು ಸುಮಾರು 50 ಸಲ ಇಮ್ಮಡಿಯಾದ ಮೇಲೆ ನಿಂತುಬಿಡುತ್ತವೆ ಎಂದು ಕಂಡರು. ಹಾಗೆ ನಿಂತ ಕೋಶ ಸತ್ತಿರುವುದಿಲ್ಲ. ಅದು ಬದುಕಿದ್ದು, ಉರಿಯೂತ ಹುಟ್ಟಿಸುವ ಪ್ರೋಟೀನುಗಳನ್ನು ಸುತ್ತಲೂ ಸುರಿಸುತ್ತಾ ನೆರೆಹೊರೆಯ ಆರೋಗ್ಯವನ್ನೂ ಕೆಡಿಸುತ್ತದೆ. ಡಿಎನ್‌ಎಗೆ ಸರಿಪಡಿಸಲಾಗದ ಪೆಟ್ಟು ಬಿದ್ದಾಗಲೂ ಕೋಶ ಇದೇ ದಾರಿ ಹಿಡಿಯುತ್ತದೆ, ಮತ್ತು ಸರ್ಟ್7ರ ಪಾತ್ರ ಹೆಚ್ಚಾಗಿ ಕಾಣಿಸಿಕೊಳ್ಳುವುದು ಈ ಕವಲಿನಲ್ಲಿ.

ಸರ್ಟ್7 ಇಲ್ಲದ ಪ್ರಾಣಿಗೆ ಏನಾಗುತ್ತದೆ?

ಜರ್ಮನಿಯ ಬಾಡ್ ನಾವ್‌ಹೈಮ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಸಂಶೋಧಕರು ಸರ್ಟ್7 ವಂಶವಾಹಿಯನ್ನು ತೆಗೆದುಹಾಕಿದ ಇಲಿಗಳನ್ನು ಬೆಳೆಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಆ ಇಲಿಗಳ ಹೃದಯ ಹಿಗ್ಗಿತ್ತು, ಹೃದಯದ ಸ್ನಾಯುವಿನಲ್ಲಿ ಉರಿಯೂತವೂ ನಾರುಗಟ್ಟಿದ ಕಲೆಯೂ ಇದ್ದವು, ಆಯುಷ್ಯ ಕಡಿಮೆಯಾಗಿತ್ತು. ಪಿ53 ಎಂಬ ಕಾವಲು ಪ್ರೋಟೀನಿನ ಅಸಿಟೈಲ್ ಗುಂಪನ್ನು ಸರ್ಟ್7 ತೆಗೆಯದೆ ಹೋದದ್ದರಿಂದ ಹೃದಯದ ಕೋಶಗಳು ಸುಲಭವಾಗಿ ಸಾಯುತ್ತವೆ ಎಂದು ಅವರು ವಿವರಿಸಿದರು. ಈ ವಿವರಣೆಯನ್ನು ಎಲ್ಲರೂ ಒಪ್ಪಿಲ್ಲ; ಬೇರೆ ಪ್ರಯೋಗಾಲಯಗಳಿಗೆ ಸರ್ಟ್7 ನೇರವಾಗಿ ಪಿ53ರ ಮೇಲೆ ಕೆಲಸ ಮಾಡುವುದು ಕಾಣಸಿಗಲಿಲ್ಲ. ಹೃದಯ ಕೆಟ್ಟದ್ದು ನಿಜ, ಏಕೆ ಕೆಟ್ಟಿತು ಎಂಬುದರ ಬಗ್ಗೆ ಮಾತ್ರ ಜಗಳ.

2016ರಲ್ಲಿ ಲೂರ್ದೆಸ್ ಸೆರಾನೊ ಅವರ ತಂಡ ಪ್ರಕಟಿಸಿದ ಅಧ್ಯಯನದಲ್ಲಿ ಚಿತ್ರ ಇನ್ನಷ್ಟು ವಿಶಾಲವಾಯಿತು. ಸರ್ಟ್7 ಇಲ್ಲದ ಮರಿಗಳಲ್ಲಿ ಒಂದಷ್ಟು ಹುಟ್ಟುವ ಮೊದಲೇ ಸಾಯುತ್ತಿದ್ದವು. ಉಳಿದವು ಅಕಾಲದ ಮುಪ್ಪಿನ ಲಕ್ಷಣಗಳನ್ನು, ಅಂದರೆ ಬೆನ್ನು ಬಾಗುವುದು, ತೂಕ ಮತ್ತು ಕೊಬ್ಬು ಇಳಿಯುವುದು ಇತ್ಯಾದಿಗಳನ್ನು ತೋರಿಸಿದವು. ಅವುಗಳ ಕೋಶಗಳಲ್ಲಿ ಡಿಎನ್‌ಎ ಹಾನಿಯ ಗುರುತುಗಳು ಹೆಚ್ಚಾಗಿದ್ದವು.

ಆ ಡಿಎನ್‌ಎ ಹಾನಿಯಲ್ಲಿ ಸರ್ಟ್7ರ ಪಾತ್ರವೇನು?

ಡಿಎನ್‌ಎಯ ಎರಡೂ ಎಳೆ ತುಂಡಾದ ಜಾಗಕ್ಕೆ ಸರ್ಟ್7 ಧಾವಿಸುತ್ತದೆ. ಪಿಎಆರ್‌ಪಿ1 ಎಂಬ ಇನ್ನೊಂದು ಕಿಣ್ವ ಅದನ್ನು ಅಲ್ಲಿಗೆ ಕರೆಯುತ್ತದೆ. ಅಲ್ಲಿ ಅದು ಹಿಸ್ಟೋನ್ ಎಚ್3ರ 18ನೇ ಲೈಸಿನ್‌ನ ಅಸಿಟೈಲ್ ಗುಂಪನ್ನು ಕಿತ್ತು, ದುರಸ್ತಿಗೆ ಬರಬೇಕಾದ 53ಬಿಪಿ1 ಎಂಬ ಪ್ರೋಟೀನಿಗೆ ಜಾಗ ಮಾಡಿಕೊಡುತ್ತದೆ. ತುಂಡಾದ ತುದಿಗಳನ್ನು ನೇರವಾಗಿ ಜೋಡಿಸುವ ದುರಸ್ತಿ ವಿಧಾನ ಸರ್ಟ್7 ಇಲ್ಲದಾಗ ಮಂಕಾಗುತ್ತದೆ.

ಆರ್‌ಡಿಎನ್‌ಎ ಅಲುಗಾಡಿದರೆ ಕೋಶಕ್ಕೆ ಮುಪ್ಪು ಬರುತ್ತದೆ ಎಂಬುದಕ್ಕೆ ಮನುಷ್ಯನ ಕೋಶಗಳಲ್ಲಿ ಸಾಕ್ಷ್ಯವಿದೆಯೇ?

ಇದೆ, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಮಹತ್ವದ್ದೆನಿಸುವ ಕೆಲಸ ಇದೇ. ಚುವಾ ಅವರ ತಂಡ 2018ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮನುಷ್ಯನ ಸಾಮಾನ್ಯ ಕೋಶಗಳಿಂದ ಸರ್ಟ್7ನ್ನು ಕಡಿಮೆ ಮಾಡಲಾಯಿತು. ಆಗ ಎಸ್‌ಎನ್‌ಎಫ್2ಎಚ್ ಎಂಬ ಪ್ರೋಟೀನ್ ಆರ್‌ಡಿಎನ್‌ಎಯ ಮೇಲೆ ನಿಲ್ಲಲಾರದೆ ಕಳಚಿಕೊಂಡಿತು. ಈ ಪ್ರೋಟೀನಿನ ಹೊಣೆ ಏನೆಂದರೆ, ಉಪಯೋಗಿಸದ ಆರ್‌ಡಿಎನ್‌ಎ ಪ್ರತಿಗಳನ್ನು ರೇಷ್ಮೆ ಸೀರೆಯನ್ನು ಮಡಿಸಿ ಪೆಟ್ಟಿಗೆಯಲ್ಲಿಟ್ಟಂತೆ ಒತ್ತಾಗಿ ಮಡಿಸಿಡುವುದು. ನೂರಾರು ಪ್ರತಿಗಳಲ್ಲಿ ಎಲ್ಲವೂ ಒಂದೇ ಕಾಲಕ್ಕೆ ಕೆಲಸ ಮಾಡುವುದಿಲ್ಲ, ಒಂದಷ್ಟು ಮೌನವಾಗಿರಬೇಕು. ಮಡಿಕೆ ಬಿಚ್ಚಿಕೊಂಡ ಕೂಡಲೇ ಪ್ರತಿಗಳು ಒಂದಕ್ಕೊಂದು ತೊಡರಿಕೊಂಡು, ತುಂಡಾಗಿ, ಕೆಲವು ಕಳೆದುಹೋದವು. ಕೋಶಗಳು ವಿಭಜನೆ ನಿಲ್ಲಿಸಿ ಕೋಶಮುಪ್ಪಿಗೆ ಜಾರಿದವು.

ಇಲ್ಲಿಗೆ ನಿಂತಿದ್ದರೆ, ಸರ್ಟ್7ರ ಇನ್ಯಾವುದೋ ಕೆಲಸ ಕೆಟ್ಟದ್ದರಿಂದ ಮುಪ್ಪು ಬಂದಿರಬಹುದು ಎಂಬ ಆಕ್ಷೇಪ ಉಳಿಯುತ್ತಿತ್ತು. ಹಾಗಾಗಿ ಸಂಶೋಧಕರು ಸರ್ಟ್7ನ್ನು ಮುಟ್ಟದೆ, ಆರ್‌ಡಿಎನ್‌ಎಯನ್ನು ಮಾತ್ರ ಆಯ್ದು ಕತ್ತರಿಸಿ ನೋಡಿದರು. ಆಗಲೂ ಕೋಶಮುಪ್ಪು ಕಾಣಿಸಿಕೊಂಡಿತು. ಯೀಸ್ಟ್‌ನಲ್ಲಿ 1997ರಲ್ಲಿ ಕಂಡದ್ದು ವಿವರಗಳಲ್ಲಿ ಬೇರೆಯಾದರೂ ಮೂಲದಲ್ಲಿ ಮನುಷ್ಯನ ಕೋಶಕ್ಕೂ ಅನ್ವಯಿಸುತ್ತದೆ ಎಂಬುದಕ್ಕೆ ಇದು ಬಲವಾದ ಆಧಾರ. ನಮ್ಮಲ್ಲಿ ಉಂಗುರಗಳ ರಾಶಿ ಮುಖ್ಯವಲ್ಲ, ಸಾಲಿನ ಅಸ್ಥಿರತೆಯೇ ಮುಖ್ಯ.

ಸರ್ಟ್7 ರೈಬೋಸೋಮಿನ ತಯಾರಿಕೆಯನ್ನು ಹೆಚ್ಚಿಸುತ್ತದೆ ಎಂದಿರಿ, ಆರ್‌ಡಿಎನ್‌ಎಯನ್ನು ಮೌನವಾಗಿಡುತ್ತದೆ ಎಂದೂ ಹೇಳಿದಿರಿ. ಎರಡೂ ಹೇಗೆ ನಿಜವಾದೀತು?

ಈ ಪ್ರಶ್ನೆ ಕೇಳಿದವರು ಮೇಲಿನದನ್ನು ಗಮನವಿಟ್ಟು ಓದಿದ್ದಾರೆ. ವಿರೋಧಾಭಾಸ ಇನ್ನೂ ಆಳವಾಗಿದೆ. ಕಲೋನ್‌ನಲ್ಲಿರುವ ಮ್ಯಾಕ್ಸ್ ಪ್ಲ್ಯಾಂಕ್ ಸಂಸ್ಥೆಯ ಆಡಮ್ ಆಂಟೆಬಿ ಅವರ ತಂಡ 2017ರಲ್ಲಿ ತೋರಿಸಿದಂತೆ, ದೀರ್ಘಾಯುಷಿಯಾದ ಹುಳು, ನೊಣ, ಇಲಿಗಳಲ್ಲಿ ನ್ಯೂಕ್ಲಿಯೋಲಸ್ ಚಿಕ್ಕದಾಗಿರುತ್ತದೆ. ಅಕಾಲ ಮುಪ್ಪಿನ ಕಾಯಿಲೆಯಾದ ಪ್ರೊಜೀರಿಯದ ಕೋಶಗಳಲ್ಲಿ, ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ, ಅದು ಹಿಗ್ಗಿರುತ್ತದೆ. ಎಂದರೆ ರೈಬೋಸೋಮಿನ ಕಾರ್ಖಾನೆ ಅತಿಯಾಗಿ ಓಡುವುದು ಆಯುಷ್ಯಕ್ಕೆ ಒಳ್ಳೆಯದಲ್ಲ. ಹಾಗಿದ್ದ ಮೇಲೆ ಕಾರ್ಖಾನೆಯನ್ನು ಓಡಿಸುವ ಸರ್ಟ್7 ಇಲ್ಲವಾದರೆ ಆಯುಷ್ಯ ಹೆಚ್ಚಬೇಕಿತ್ತಲ್ಲ?

ಹಾಗಾಗುವುದಿಲ್ಲ. ನನ್ನ ಮಟ್ಟಿಗೆ ಇದನ್ನು ಅರ್ಥಮಾಡಿಕೊಳ್ಳುವ ದಾರಿ ಹೀಗಿದೆ: ಆರ್‌ಡಿಎನ್‌ಎಯ ಪ್ರತಿಗಳಲ್ಲಿ ಎಚ್ಚರವಾಗಿರುವ ಗುಂಪು ಒಂದು, ಮಲಗಿರುವ ಗುಂಪು ಇನ್ನೊಂದು. ಎಚ್ಚರವಾಗಿರುವ ಪ್ರತಿಗಳ ಮೇಲೆ ಸರ್ಟ್7 ಪಾಲಿಮರೇಸಿಗೆ ನೆರವಾಗುತ್ತದೆ. ಮಲಗಿರುವವನ್ನು ಎಸ್‌ಎನ್‌ಎಫ್2ಎಚ್‌ನ ಜೊತೆ ಸೇರಿ ಮಲಗಿರುವಂತೆಯೇ ಕಾಯುತ್ತದೆ. ಮುಪ್ಪಿನ ದೃಷ್ಟಿಯಿಂದ ಎರಡನೆಯ ಹೊಣೆ ಹೆಚ್ಚು ತೂಕದ್ದು, ಏಕೆಂದರೆ ತಯಾರಿಕೆ ತುಸು ಇಳಿದರೆ ಕೋಶ ಹೊಂದಿಕೊಂಡೀತು, ಆರ್‌ಡಿಎನ್‌ಎ ಹರಿದರೆ ಹೊಂದಿಕೊಳ್ಳಲಾಗದು. ಸಂಕಟದಲ್ಲಿ ಸರ್ಟ್7 ನ್ಯೂಕ್ಲಿಯೋಲಸ್‌ನಿಂದ ಹೊರಸರಿಯುವುದು ತಾತ್ಕಾಲಿಕ ಹೊಂದಾಣಿಕೆ. ಅದು ಶಾಶ್ವತವಾಗಿ ಇಲ್ಲದಿರುವುದು ಬೇರೆಯದೇ ಸ್ಥಿತಿ. ಇದು ವ್ಯಾಖ್ಯಾನವೇ ಹೊರತು ಸಿದ್ಧವಾದ ತೀರ್ಪಲ್ಲ.

ಕಾಂಡಕೋಶಗಳಲ್ಲಿ ಇದರ ಕೆಲಸವೇನು?

ಅಸ್ಥಿಮಜ್ಜೆಯಲ್ಲಿ ರಕ್ತವನ್ನು ಹುಟ್ಟಿಸುವ ಕಾಂಡಕೋಶಗಳು ಬಹುಕಾಲ ನಿದ್ದೆಯಲ್ಲಿದ್ದು ಬೇಕಾದಾಗ ಮಾತ್ರ ಎದ್ದು ವಿಭಜಿಸುತ್ತವೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಡ್ಯಾನಿಕಾ ಚೆನ್ ಅವರ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸರ್ಟ್7 ಎನ್‌ಆರ್‌ಎಫ್1 ಎಂಬ ನಿಯಂತ್ರಕದ ಜೊತೆ ಸೇರಿ ಮೈಟೊಕಾಂಡ್ರಿಯದೊಳಗಿನ ಪ್ರೋಟೀನ್ ತಯಾರಿಕೆಗೆ ಕಡಿವಾಣ ಹಾಕುತ್ತದೆ. ಕಡಿವಾಣ ತಪ್ಪಿದರೆ ಸರಿಯಾಗಿ ಮಡಿಕೆಯಾಗದ ಪ್ರೋಟೀನುಗಳು ಅಲ್ಲಿ ತುಂಬಿ, ಕಾಂಡಕೋಶದ ನಿದ್ದೆ ಕೆಡುತ್ತದೆ, ಹೊಸ ರಕ್ತ ಹುಟ್ಟಿಸುವ ಸಾಮರ್ಥ್ಯ ಕುಗ್ಗುತ್ತದೆ. ಮುದಿ ಇಲಿಗಳ ಈ ಕೋಶಗಳಲ್ಲಿ ಸರ್ಟ್7 ಕಡಿಮೆಯಿತ್ತು. ಅದನ್ನು ಹೆಚ್ಚಿಸಿದಾಗ ಸಾಮರ್ಥ್ಯ ಒಂದು ಮಟ್ಟಿಗೆ ಮರಳಿತು. ಕಳೆದದ್ದನ್ನು ಮರಳಿ ಕೊಟ್ಟಾಗ ಸುಧಾರಣೆ ಕಂಡ ಪ್ರಯೋಗಗಳು ಈ ಕ್ಷೇತ್ರದಲ್ಲಿ ಹೆಚ್ಚಿಲ್ಲವಾದ್ದರಿಂದ ಇದಕ್ಕೆ ವಿಶೇಷ ಬೆಲೆ.

ಚೀನಾದ ಸಂಶೋಧಕರು 2020ರಲ್ಲಿ ಮನುಷ್ಯನ ಇನ್ನೊಂದು ಬಗೆಯ ಕಾಂಡಕೋಶಗಳಿಂದ ಸರ್ಟ್7ನ್ನು ತೆಗೆದು ನೋಡಿದರು. ಅವು ಬೇಗ ಮುದಿಯಾದವು. ಕೋಶಕೇಂದ್ರದ ಅಂಚಿನಲ್ಲಿ ಒತ್ತಾಗಿ ಮಡಿಸಿಟ್ಟಿದ್ದ ಡಿಎನ್‌ಎ ಬಿಚ್ಚಿಕೊಂಡು, ಅದರಲ್ಲಿ ಹುದುಗಿದ್ದ ಎಲ್‌ಐಎನ್‌ಇ1 ಎಂಬ ಜಿಗಿಯುವ ಡಿಎನ್‌ಎ ತುಣುಕುಗಳು ಎಚ್ಚರಗೊಂಡಿದ್ದವು. ಇವು ತಮ್ಮ ಪ್ರತಿಗಳನ್ನು ಮಾಡಿಕೊಳ್ಳಲು ಹೊರಟಾಗ ಕೋಶವು ವೈರಸ್ ಬಂತೆಂದು ಭ್ರಮಿಸಿ ರೋಗನಿರೋಧಕ ಎಚ್ಚರಿಕೆಯ ಗಂಟೆ ಬಾರಿಸುತ್ತದೆ, ಉರಿಯೂತ ಶುರುವಾಗುತ್ತದೆ. ಆ ತುಣುಕುಗಳ ನಕಲು ಕ್ರಿಯೆಯನ್ನು ತಡೆಯುವ ಔಷಧ ಕೊಟ್ಟಾಗ ದೋಷಗಳು ಹಿಮ್ಮೆಟ್ಟಿದವು. ಆರ್‌ಡಿಎನ್‌ಎಯಲ್ಲಾಗಲಿ ಇಲ್ಲಾಗಲಿ, ಮಡಿಸಿಟ್ಟದ್ದು ಮಡಿಸಿಟ್ಟಂತೆಯೇ ಇರಲಿ ಎಂಬುದೇ ಸರ್ಟ್7ರ ಕಾವಲು ಎಂಬುದನ್ನು ಗಮನಿಸಬಹುದು.

ಯಕೃತ್ತಿನ ಕೊಬ್ಬಿನ ಬಗ್ಗೆ ಒಂದೊಂದು ಕಡೆ ಒಂದೊಂದು ರೀತಿ ಓದಿದ್ದೇನೆ. ಯಾವುದು ಸರಿ?

ಓದುಗರ ತಪ್ಪಿಲ್ಲ, ಪ್ರಕಟವಾಗಿರುವುದೇ ಹಾಗೆ. 2013ರ ಬರ್ಕ್ಲಿಯ ಅಧ್ಯಯನದ ಪ್ರಕಾರ ಸರ್ಟ್7 ಇಲ್ಲದ ಇಲಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ. 2014ರಲ್ಲಿ ಯೋಹಾನ್ ಔವೆರ್ಕ್ಸ್ ಅವರ ತಂಡವೂ ಸರ್ಟ್7 ಇಲ್ಲದಿದ್ದರೆ ಮೈಟೊಕಾಂಡ್ರಿಯದ ಕೆಲಸ ಹಲವು ಅಂಗಗಳಲ್ಲಿ ಕುಂದುತ್ತದೆ, ಯಕೃತ್ತಿಗೂ ಹಾನಿ ಎಂದಿತು. ಅದೇ 2014ರಲ್ಲಿ ಜಪಾನಿನ ಕುಮಾಮೊಟೊದ ಸಂಶೋಧಕರು, ಹೆಚ್ಚು ಕೊಬ್ಬಿನ ಆಹಾರ ಕೊಟ್ಟಾಗ ಸರ್ಟ್7 ಇಲ್ಲದ ಇಲಿಗಳ ಯಕೃತ್ತೇ ಕೊಬ್ಬಿನಿಂದ ಪಾರಾಗುತ್ತದೆ ಎಂದು ಪೂರ್ತಿ ಉಲ್ಟಾ ಫಲಿತಾಂಶ ಕೊಟ್ಟರು.

ಪ್ರಯೋಗಾಲಯಗಳು ಬಳಸುವ ಇಲಿಯ ತಳಿ, ವಂಶವಾಹಿಯನ್ನು ತೆಗೆದ ರೀತಿ, ಆಹಾರ, ವಯಸ್ಸು ಇವುಗಳಲ್ಲಿ ಯಾವುದೊಂದು ಬದಲಾದರೂ ಚಯಾಪಚಯದ ಫಲಿತಾಂಶ ತಿರುಗಿಬೀಳಬಹುದು. ಹಾಗಾಗಿ ಸರ್ಟ್7 ಯಕೃತ್ತಿಗೆ ಒಳ್ಳೆಯದು ಅಥವಾ ಕೆಟ್ಟದ್ದು ಎಂದು ಒಂದೇ ವಾಕ್ಯದಲ್ಲಿ ಘೋಷಿಸುವ ಬರಹವನ್ನು ಸ್ವಲ್ಪ ಅನುಮಾನದಿಂದಲೇ ಓದುವುದು ಒಳ್ಳೆಯದು.

ಕ್ಯಾನ್ಸರಿಗೂ ಸರ್ಟ್7ಕ್ಕೂ ಏನು ಸಂಬಂಧ?

ಕೋಶಮುಪ್ಪು ಎಂಬುದು ಕ್ಯಾನ್ಸರಿಗೆ ಒಡ್ಡಿದ ತಡೆಗೋಡೆಯೂ ಹೌದು. ಹಾಳಾದ ಕೋಶ ವಿಭಜನೆ ನಿಲ್ಲಿಸಿದರೆ ಗೆಡ್ಡೆ ಬೆಳೆಯುವುದಿಲ್ಲ. ಆದ್ದರಿಂದ ಕೋಶಮುಪ್ಪನ್ನು ತಡೆಯುವ ಯಾವ ಪ್ರೋಟೀನಿನ ಬಗ್ಗೆಯೂ ಈ ಪ್ರಶ್ನೆ ಏಳಲೇಬೇಕು. ಸರ್ಟ್7 ಕಿಣ್ವವೆಂದು ಖಚಿತಪಡಿಸಿದ 2012ರ ಅಧ್ಯಯನದ ತಿರುಳೇ ಇದಾಗಿತ್ತು. ಇಎಲ್‌ಕೆ4 ಎಂಬ ಪ್ರೋಟೀನಿನ ಜೊತೆ ಸೇರಿ ಸರ್ಟ್7 ಗೆಡ್ಡೆಯನ್ನು ತಡೆಯುವ ಕೆಲವು ವಂಶವಾಹಿಗಳನ್ನು ಮೌನಗೊಳಿಸುತ್ತದೆ, ಕ್ಯಾನ್ಸರ್ ಕೋಶಗಳಿಂದ ಅದನ್ನು ತೆಗೆದಾಗ ಅವು ತಮ್ಮ ಕ್ಯಾನ್ಸರ್ ಗುಣಗಳಲ್ಲಿ ಹಲವನ್ನು ಕಳೆದುಕೊಳ್ಳುತ್ತವೆ. ಹಲವು ಬಗೆಯ ಗೆಡ್ಡೆಗಳಲ್ಲಿ ಸರ್ಟ್7 ಹೆಚ್ಚಾಗಿರುವುದೂ ವರದಿಯಾಗಿದೆ. ವೇಗವಾಗಿ ಬೆಳೆಯುವ ಗೆಡ್ಡೆಗೆ ರೈಬೋಸೋಮುಗಳು ರಾಶಿ ರಾಶಿ ಬೇಕಾಗುವುದರಿಂದ ಇದರಲ್ಲಿ ಆಶ್ಚರ್ಯವಿಲ್ಲ.

ಆದರೆ 2017ರ ಅಧ್ಯಯನವೊಂದು ಸ್ತನ ಕ್ಯಾನ್ಸರ್ ದೇಹದ ಬೇರೆಡೆಗೆ ಹರಡುವುದನ್ನು ಸರ್ಟ್7 ತಡೆಯುತ್ತದೆ ಎಂದಿದೆ. ಒಂದೇ ಪ್ರೋಟೀನ್ ಒಂದು ಹಂತದಲ್ಲಿ ಗೆಡ್ಡೆಗೆ ಊರುಗೋಲಾಗಿ, ಇನ್ನೊಂದು ಹಂತದಲ್ಲಿ ಅಡ್ಡಗಾಲಾಗುವುದು ಸರ್ಟುಯಿನ್ ಕುಟುಂಬದಲ್ಲಿ ಹೊಸತೇನಲ್ಲ.

ಹಾಗಾದರೆ ಸರ್ಟ್7ನ್ನು ಹೆಚ್ಚಿಸಿದರೆ ಆಯುಷ್ಯ ಹೆಚ್ಚುತ್ತದೆಯೇ?

ತೆಗೆದಾಗ ಆಯುಷ್ಯ ಕಡಿಮೆಯಾಯಿತು ಎಂಬುದರಿಂದ ಹೆಚ್ಚಿಸಿದಾಗ ಆಯುಷ್ಯ ಹೆಚ್ಚುತ್ತದೆ ಎಂದು ಹೇಳಲಾಗದು. ಎತ್ತಿನ ಗಾಡಿಯ ಕಡಾಣಿ ಕಳಚಿದರೆ ಚಕ್ರ ಬಿದ್ದುಹೋಗುತ್ತದೆ ನಿಜ, ಎರಡೆರಡು ಕಡಾಣಿ ಹೊಡೆದರೆ ಗಾಡಿ ವೇಗವಾಗಿ ಓಡುವುದಿಲ್ಲ. ಮುಪ್ಪಿನ ಸಂಶೋಧನೆಯ ಸುದ್ದಿಗಳಲ್ಲಿ ಅತಿ ಹೆಚ್ಚು ಮುಚ್ಚಿಹೋಗುವ ವ್ಯತ್ಯಾಸ ಇದೇ ಎಂದು ನನ್ನ ಭಾವನೆ.

ಸರ್ಟ್7ನ್ನು ಹೆಚ್ಚಿಸಿ ಆಯುಷ್ಯ ಹೆಚ್ಚಿದ ಒಂದು ಪ್ರಯೋಗವಂತೂ ಇದೆ. ಚೀನಾದ ಶೆನ್‌ಜೆನ್‌ನ ಬಾವೊಹುವಾ ಲಿಯು ಅವರ ತಂಡ 2020ರಲ್ಲಿ, ಪ್ರೊಜೀರಿಯ ಕಾಯಿಲೆಯ ಮಾದರಿಯಾದ ಇಲಿಗಳ ರಕ್ತನಾಳಗಳ ಒಳಪದರಕ್ಕೆ ಮಾತ್ರ, ನಿರುಪದ್ರವಿ ವೈರಸ್ಸಿನ ಮೂಲಕ ಸರ್ಟ್7 ವಂಶವಾಹಿಯನ್ನು ಸೇರಿಸಿತು. ರಕ್ತನಾಳಗಳು ಸುಧಾರಿಸಿದವು, ಇಲಿಗಳು ಹೆಚ್ಚು ಕಾಲ ಬದುಕಿದವು. ಆದರೆ ಅವು ಕಾಯಿಲೆಯ ಇಲಿಗಳು, ಅವುಗಳ ಆಯುಷ್ಯ ಮೊದಲೇ ಮೊಟಕಾಗಿತ್ತು; ಸಹಜವಾಗಿ ಮುದಿಯಾಗುವ ಇಲಿಗೂ ಇದು ಅನ್ವಯಿಸುತ್ತದೆ ಎಂಬುದಕ್ಕೆ ಅದು ಪುರಾವೆಯಲ್ಲ. ಕುಟುಂಬದ ಇನ್ನೊಂದು ಸದಸ್ಯ ಸರ್ಟ್6ನ್ನು ಹೆಚ್ಚಿಸಿದಾಗ ಸಾಮಾನ್ಯ ಗಂಡಿಲಿಗಳ ಆಯುಷ್ಯ ಹೆಚ್ಚಿದ್ದನ್ನು ಇಸ್ರೇಲಿನ ಸಂಶೋಧಕರು 2012ರಲ್ಲಿ ತೋರಿಸಿದ್ದರು. ಆ ಅಧ್ಯಯನದಲ್ಲಿ ಹೆಣ್ಣಿಲಿಗಳಿಗೆ ಆ ಲಾಭ ಸಿಗಲಿಲ್ಲ.

ರೆಸ್ವೆರಟ್ರಾಲ್, ಎನ್‌ಎಂಎನ್ ಮಾತ್ರೆಗಳಿಂದ ಸರ್ಟ್7 ಚುರುಕಾಗುತ್ತದೆಯೇ?

ರೆಸ್ವೆರಟ್ರಾಲ್ ಎಂಬುದು ದ್ರಾಕ್ಷಿಯ ಸಿಪ್ಪೆಯಲ್ಲಿರುವ ವಸ್ತು. ಅದು ಸರ್ಟ್1ನ್ನು ಚುರುಕುಗೊಳಿಸುತ್ತದೆ ಎಂದು 2003ರಲ್ಲಿ ವರದಿಯಾಯಿತು. ಆ ಭರವಸೆಯ ಮೇಲೆ ನಿಂತ ಸರ್ಟ್ರಿಸ್ ಎಂಬ ಕಂಪನಿಯನ್ನು ಗ್ಲ್ಯಾಕ್ಸೊಸ್ಮಿತ್‌ಕ್ಲೈನ್ 2008ರಲ್ಲಿ ಸುಮಾರು 72 ಕೋಟಿ ಡಾಲರಿಗೆ ಕೊಂಡಿತು. ಆ ಫಲಿತಾಂಶವು ಪರೀಕ್ಷೆಗೆ ಬಳಸಿದ ಹೊಳೆಯುವ ರಾಸಾಯನಿಕದಿಂದ ಉಂಟಾದ ಭ್ರಮೆ ಇರಬಹುದೆಂಬ ವಾದ ಅನಂತರ ಎದ್ದು ವರ್ಷಗಟ್ಟಲೆ ನಡೆಯಿತು. ಏನೇ ಇರಲಿ, ಅದು ಸರ್ಟ್1ರ ಕಥೆ. ಸರ್ಟ್7ಕ್ಕೆ ಅದನ್ನು ಹಚ್ಚಿ ಮಾರುವುದು ಸರಿಯಲ್ಲ.

ಎನ್‌ಎಂಎನ್ ಮತ್ತು ಎನ್‌ಆರ್ ದೇಹದಲ್ಲಿ ಎನ್‌ಎಡಿಯಾಗಿ ಬದಲಾಗುವ ವಸ್ತುಗಳು. ಇವುಗಳನ್ನು ಸೇವಿಸಿದ ಮನುಷ್ಯರ ರಕ್ತದಲ್ಲಿ ಎನ್‌ಎಡಿ ಹೆಚ್ಚುವುದು ಪರೀಕ್ಷೆಗಳಲ್ಲಿ ಕಂಡಿದೆ. ಮನುಷ್ಯರ ಆಯುಷ್ಯ ಹೆಚ್ಚುವುದು ಕಂಡಿಲ್ಲ. ಎನ್‌ಎಡಿಯನ್ನು ಏಳೂ ಸರ್ಟುಯಿನ್‌ಗಳು, ಪಿಎಆರ್‌ಪಿ ಕಿಣ್ವಗಳು, ಸಿಡಿ38 ಎಂಬ ಇನ್ನೊಂದು ಕಿಣ್ವ ಎಲ್ಲವೂ ಬಳಸುತ್ತವೆ. ಕಾಲುವೆಗೆ ನೀರು ಬಿಟ್ಟ ಮಾತ್ರಕ್ಕೆ ಕೊನೆಯ ಗದ್ದೆಗೆ ಎಷ್ಟು ತಲುಪಿತು ಎಂದು ಹೇಳಲಾಗದಂತೆ, ಹೆಚ್ಚಿದ ಎನ್‌ಎಡಿಯಲ್ಲಿ ಸರ್ಟ್7ರ ಪಾಲಿಗೆ ಎಷ್ಟು ಬಂತು ಎಂಬುದು ಮಾತ್ರೆಯ ಡಬ್ಬಿಯಿಂದ ತಿಳಿಯದು. ಕ್ಯಾನ್ಸರಿನ ಚಿಕಿತ್ಸೆಯಲ್ಲಿರುವವರು ಅಥವಾ ಅದರಿಂದ ಗುಣವಾದವರು ಮೇಲಿನ ಉತ್ತರವನ್ನು ನೆನಪಿಟ್ಟುಕೊಂಡು ತಮ್ಮ ವೈದ್ಯರನ್ನು ಕೇಳದೆ ಇಂಥವನ್ನು ಆರಂಭಿಸಬಾರದು.

ಭಾರತದಲ್ಲಿ ಈ ಬಗ್ಗೆ ಕೆಲಸ ನಡೆದಿದೆಯೇ?

ನಡೆದಿದೆ. ಸರ್ಟ್7ನ್ನು ಕೋಶಕೇಂದ್ರಕ್ಕೂ ನ್ಯೂಕ್ಲಿಯೋಲಸ್‌ಗೂ ಕರೆದೊಯ್ಯುವ 'ವಿಳಾಸ' ಅದರ ಅಮೈನೋ ಆಮ್ಲ ಸರಪಳಿಯಲ್ಲಿ ಎಲ್ಲಿದೆ ಎಂಬುದನ್ನು ಹೈದರಾಬಾದಿನ ಡಿಎನ್‌ಎ ಬೆರಳಚ್ಚು ಕೇಂದ್ರದ ಸಂಶೋಧಕರನ್ನೊಳಗೊಂಡ ತಂಡ 2013ರಲ್ಲಿ ಗುರುತಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರವಿ ಸುಂದರೇಶನ್ ಅವರ ಪ್ರಯೋಗಾಲಯವು ಹೃದಯದ ಕಾಯಿಲೆ ಮತ್ತು ಮುಪ್ಪಿನಲ್ಲಿ ಸರ್ಟುಯಿನ್‌ಗಳ ಪಾತ್ರವನ್ನು ಅಧ್ಯಯನ ಮಾಡುತ್ತದೆ. ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಉಲ್ಲಾಸ್ ಕೊಲ್ತೂರ್ ಅವರ ತಂಡ ಚಯಾಪಚಯದಲ್ಲಿ ಸರ್ಟ್1, ಸರ್ಟ್4ರಂಥವುಗಳ ಕೆಲಸವನ್ನು ಬಿಡಿಸಿದೆ.

ಇನ್ನೊಂದು ನಂಟು ಕರಾವಳಿಯ ಓದುಗರಿಗೆ ಇಷ್ಟವಾದೀತು. ಸರ್ಟ್7 ಅಸಿಟೈಲ್ ಗುಂಪನ್ನು ಕೀಳುವ ಕಿಣ್ವವಾದರೆ, ಅದನ್ನು ಅಂಟಿಸುವ ಕಿಣ್ವಗಳ ಗುಂಪು ಬೇರೆಯೇ ಇದೆ. ಹಿಸ್ಟೋನ್ ಎಚ್3ರ 18ನೇ ಲೈಸಿನ್‌ಗೆ ಅಂಟಿಸುವವುಗಳಲ್ಲಿ ಪಿ300 ಮುಖ್ಯವಾದದ್ದು. ಈ ಪಿ300ನ್ನು ತಡೆಯುವ ಗಾರ್ಸಿನಾಲ್ ಎಂಬ ವಸ್ತುವನ್ನು ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ತಪಸ್ ಕುಂಡು ಅವರ ತಂಡ 2004ರಲ್ಲಿ ವರದಿ ಮಾಡಿತು. ಅದು ಸಿಕ್ಕಿದ್ದು ದಕ್ಷಿಣ ಕನ್ನಡದವರ ಪುನರ್ಪುಳಿಯ, ಮಲೆನಾಡಿನವರ ಮುರುಗಲಿನ ಸಿಪ್ಪೆಯಲ್ಲಿ. ಹಾಗೆಂದು ಪುನರ್ಪುಳಿ ಶರಬತ್ತು ಕುಡಿದರೆ ಹಿಸ್ಟೋನ್‌ಗಳು ಮೊದಲಿನಂತಾಗುತ್ತವೆ ಎಂದಲ್ಲ. ಪ್ರಯೋಗ ನಡೆದದ್ದು ಶುದ್ಧೀಕರಿಸಿದ ವಸ್ತುವಿನಿಂದ, ಗಾಜಿನ ನಳಿಕೆಯಲ್ಲಿ ಮತ್ತು ಬೆಳೆಸಿದ ಕೋಶಗಳ ಮೇಲೆ. ಶರಬತ್ತನ್ನು ಬಾಯಾರಿಕೆಗೆ ಕುಡಿಯಬಹುದು.

ನನ್ನ ಸರ್ಟ್7 ಮಟ್ಟ ಎಷ್ಟಿದೆ ಎಂದು ರಕ್ತಪರೀಕ್ಷೆಯಿಂದ ತಿಳಿಯಬಹುದೇ?

ಚಿಕಿತ್ಸೆಗೆ ಉಪಯೋಗವಾಗುವಂಥ ಪರೀಕ್ಷೆ ಯಾವುದೂ ಇಲ್ಲ. ಸರ್ಟ್7 ಕೆಲಸ ಮಾಡುವುದು ಪ್ರತಿ ಕೋಶದ ಕೇಂದ್ರದೊಳಗೆ, ಅದರಲ್ಲೂ ನ್ಯೂಕ್ಲಿಯೋಲಸ್‌ನಲ್ಲಿ. ರಕ್ತದ ದ್ರವದಲ್ಲಿ ಅಳೆದ ಯಾವುದೋ ಅಂಕಿ ಹೃದಯದಲ್ಲೋ ಅಸ್ಥಿಮಜ್ಜೆಯಲ್ಲೋ ಅದು ಎಷ್ಟಿದೆ ಎಂಬುದನ್ನು ಹೇಳಲಾರದು. ಮೇಲಾಗಿ, ಪ್ರೋಟೀನಿನ ಪ್ರಮಾಣ ಸರಿಯಿದ್ದೂ ಅದು ನ್ಯೂಕ್ಲಿಯೋಲಸ್‌ನಿಂದ ಹೊರಗೆ ಸರಿದು ನಿಂತಿದ್ದರೆ ಕೆಲಸ ನಡೆಯುವುದಿಲ್ಲ. ಇಂಥ ಪರೀಕ್ಷೆಯ ಹೆಸರಿನಲ್ಲಿ ಯಾರಾದರೂ ನಿಮ್ಮ ಜೈವಿಕ ವಯಸ್ಸನ್ನು ಹೇಳುತ್ತೇವೆಂದು ಶುಲ್ಕ ಕೇಳಿದರೆ, ಆ ಅಂಕಿಯನ್ನು ಯಾವ ಅಂಗದ ಯಾವ ಕೋಶದಿಂದ ತೆಗೆದಿರಿ ಎಂದು ಅವರನ್ನೇ ಕೇಳಿ.